ಸಾಯದೆ ಒಣಗುವ ಹುಲ್ಲು ಮತ್ತು ನಮ್ಮ ರಾಗಿ

ಏಪ್ರಿಲ್ ತಿಂಗಳಲ್ಲಿ ಸಾವನದುರ್ಗವನ್ನೋ ಶಿವಗಂಗೆಯನ್ನೋ ಮಧುಗಿರಿ ಬೆಟ್ಟವನ್ನೋ ಹತ್ತಿದವರು ಬಂಡೆಯ ಬಿರುಕುಗಳಲ್ಲಿ ಒಣಹುಲ್ಲಿನ ಸಣ್ಣ ಸಣ್ಣ ಗುಚ್ಛಗಳನ್ನು ನೋಡಿರುತ್ತೀರಿ. ನೋಡಿರುತ್ತೀರಿ ಅನ್ನುವುದಕ್ಕಿಂತ ತುಳಿದಿರುತ್ತೀರಿ ಅನ್ನಬೇಕು. ಬೆರಳುದ್ದದ ಎಲೆಗಳು ಸುರುಳಿ ಸುತ್ತಿಕೊಂಡು, ಹುರಿದಿಟ್ಟ ಹಾಗೆ ಕಂದಾಗಿರುತ್ತವೆ. ಉಜ್ಜಿದರೆ ಪುಡಿಯಾಗುತ್ತವೆ. ಸತ್ತು ಎಷ್ಟೋ ತಿಂಗಳಾಗಿದೆ ಅಂತಲೇ ಅನ್ನಿಸುತ್ತದೆ.

ಒಂದು ಜೋರು ಮಳೆ ಬರಲಿ. ಎರಡು ದಿನ ಬಿಟ್ಟು ಅದೇ ಜಾಗಕ್ಕೆ ಹೋಗಿ ನೋಡಿ. ಅವುಗಳಲ್ಲಿ ಕೆಲವು ಹಸಿರಾಗಿರುತ್ತವೆ. ಹೊಸ ಚಿಗುರು ಬಂದು ಹಸಿರಾದದ್ದಲ್ಲ. ಒಣಗಿದ್ದ ಅದೇ ಎಲೆ ಸುರುಳಿ ಬಿಚ್ಚಿ, ಬಣ್ಣ ತಿರುಗಿ, ಬಿಸಿಲು ಹಿಡಿದು ಮತ್ತೆ ಆಹಾರ ತಯಾರಿಸಲು ಶುರು ಮಾಡಿರುತ್ತದೆ.

ಬಂಡೆ ಮೇಲಿನ ಎಲ್ಲ ಹುಲ್ಲಿಗೂ ಈ ಶಕ್ತಿ ಇಲ್ಲ. ಇರುವ ಕೆಲವೇ ಹುಲ್ಲುಗಳಲ್ಲಿ ಒಂದು ಓರೊಪೀಟಿಯಂ ಥೋಮೇಯಂ. ಭಾರತ, ಶ್ರೀಲಂಕಾ, ಆಫ್ರಿಕಾದ ಒಣ ಕಲ್ಲುನೆಲಗಳಲ್ಲಿ ಇದು ಬೆಳೆಯುತ್ತದೆ. ದನವೂ ಬಾಯಿ ಹಾಕದಷ್ಟು ಚಿಕ್ಕ ಹುಲ್ಲು. 2015ರಲ್ಲಿ ಅಮೆರಿಕದ ವಿಜ್ಞಾನಿಗಳ ತಂಡವೊಂದು ಇದರ ಇಡೀ ಜೀನೋಮ್, ಅಂದರೆ ಜೀವಕೋಶದೊಳಗಿನ ಎಲ್ಲ ಆನುವಂಶಿಕ ಮಾಹಿತಿಯನ್ನು ಓದಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿತು. ಆಗಿನಿಂದ ಈ ಪುಟ್ಟ ಹುಲ್ಲು ಬರದ ಸಂಶೋಧನೆಯಲ್ಲಿ ದೊಡ್ಡ ಹೆಸರು.

ನಮಗೆ ಇದರಲ್ಲಿ ಇನ್ನೊಂದು ಆಸಕ್ತಿಯ ವಿಷಯ ಇದೆ. ಹುಲ್ಲಿನ ಮನೆತನ ಬಹಳ ದೊಡ್ಡದು. ಭತ್ತ ಒಂದು ಕವಲು, ಗೋಧಿ ಇನ್ನೊಂದು, ಜೋಳ ಮತ್ತೊಂದು. ಓರೊಪೀಟಿಯಂ ಇರುವುದು ರಾಗಿಯ ಕವಲಿನಲ್ಲಿ. ಬಂಡೆ ಬಿರುಕಿನ ಈ ಹುಲ್ಲೂ ಬೆಟ್ಟದ ಬುಡದ ಹೊಲದಲ್ಲಿರುವ ರಾಗಿಯೂ ದೊಡ್ಡಪ್ಪ ಚಿಕ್ಕಪ್ಪನ ಮಕ್ಕಳಿದ್ದ ಹಾಗೆ. ಒಂದು ಪೂರ್ತಿ ಒಣಗಿದರೂ ಏಳುತ್ತದೆ. ಇನ್ನೊಂದು ಬರವನ್ನು ಗಟ್ಟಿಯಾಗಿ ತಡೆದುಕೊಳ್ಳುತ್ತದೆ, ಆದರೆ ಪೂರ್ತಿ ಒಣಗಿದರೆ ಸಾಯುತ್ತದೆ. ಈ ವ್ಯತ್ಯಾಸ ಎಲ್ಲಿಂದ ಬಂತು? ಈ ಲೇಖನ ಅದರ ಬಗ್ಗೆ.

ಬರ ತಡೆಯುವುದು ಬೇರೆ, ಒಣಗಿ ಬದುಕುವುದು ಬೇರೆ

ಮೊದಲು ಒಂದು ಗೊಂದಲ ಬಗೆಹರಿಸಿಕೊಳ್ಳೋಣ. ಸುದ್ದಿಗಳಲ್ಲಿ ಈ ಎರಡನ್ನೂ ಕಲಸಿಬಿಡುತ್ತಾರೆ.

ಬರ ತಡೆಯುವ ಗಿಡ ನೀರನ್ನು ಒಳಗೆ ಉಳಿಸಿಕೊಳ್ಳಲು ಹೋರಾಡುತ್ತದೆ. ಬೇರನ್ನು ಆಳಕ್ಕೆ ಇಳಿಸುತ್ತದೆ. ಎಲೆಯ ಮೇಲಿನ ಸಣ್ಣ ರಂಧ್ರಗಳನ್ನು, ಅಂದರೆ ಪತ್ರರಂಧ್ರಗಳನ್ನು ಮುಚ್ಚುತ್ತದೆ. ಎಲೆಯನ್ನು ಮುದುರಿಕೊಳ್ಳುತ್ತದೆ. ಹೊರಗೆ ಬರ ಇರುತ್ತದೆ, ಒಳಗೆ ಇನ್ನೂ ನೀರಿರುತ್ತದೆ. ಕಳ್ಳಿ ಗಿಡ ಇದರಲ್ಲಿ ಎತ್ತಿದ ಕೈ. ಅದು ನೀರಿನ ತೊಟ್ಟಿ ಕಟ್ಟಿಕೊಂಡು ಕೂತಿದೆ. ಆ ತೊಟ್ಟಿ ಪೂರ್ತಿ ಖಾಲಿಯಾದರೆ ಕಳ್ಳಿಯೂ ಸತ್ತಂತೆಯೇ.

ಓರೊಪೀಟಿಯಂ ಈ ಹೋರಾಟವನ್ನೇ ಕೈಬಿಡುತ್ತದೆ. ನೀರು ಹೋಗುವುದಾದರೆ ಹೋಗಲಿ ಅನ್ನುತ್ತದೆ. ಎಲೆಯಲ್ಲಿ ಮಾಮೂಲಿಯಾಗಿ ಇರಬೇಕಾದ ನೀರಿನಲ್ಲಿ ನೂರಕ್ಕೆ 90 ಪಾಲಿಗಿಂತ ಜಾಸ್ತಿ ಹೊರಟುಹೋಗುತ್ತದೆ. ಎಲೆ ಸುತ್ತಲಿನ ಗಾಳಿಯಷ್ಟೇ ಒಣ. ಆ ಸ್ಥಿತಿಯಲ್ಲಿ ಉಸಿರಾಟವೂ ಇಲ್ಲ, ಬೆಳವಣಿಗೆಯೂ ಇಲ್ಲ. ಹೆಚ್ಚಿನ ಬೆಳೆಗಳ ಎಲೆ ಇದಕ್ಕಿಂತ ಎಷ್ಟೋ ಮೊದಲೇ ಸತ್ತುಹೋಗಿರುತ್ತದೆ.

ಹೀಗೆ ಒಣಗಿ ಏಳುವ ಗಿಡಗಳನ್ನು ಮರುಜೀವದ ಗಿಡಗಳು ಅನ್ನೋಣ. ಹೂ ಬಿಡುವ ಗಿಡಗಳಲ್ಲಿ ಇವು ಎಷ್ಟಿವೆ, ಎಲ್ಲೆಲ್ಲಿವೆ ಎಂದು ಪಟ್ಟುಹಿಡಿದು ಹುಡುಕಿದವರಲ್ಲಿ ಆಸ್ಟ್ರೇಲಿಯಾದ ಮೊನಾಶ್ ವಿಶ್ವವಿದ್ಯಾಲಯದ ಡಾನ್ ಗ್ಯಾಫ್ ಮುಖ್ಯರು. ದಕ್ಷಿಣ ಆಫ್ರಿಕಾ ಭಾಗದ ಇಂಥ ಗಿಡಗಳ ಬಗ್ಗೆ ಅವರು 1971ರಲ್ಲೇ ಬರೆದರು. ಲಕ್ಷಾಂತರ ಜಾತಿಯ ಹೂಗಿಡಗಳಲ್ಲಿ ಇವು ನೂರರ ಲೆಕ್ಕದಲ್ಲಷ್ಟೇ ಇವೆ. ಪಾಚಿ ಮತ್ತು ಜರಿಗಿಡಗಳನ್ನು ಸೇರಿಸಿಕೊಂಡರೆ ಸಂಖ್ಯೆ ದೊಡ್ಡದಾಗುತ್ತದೆ. ಮಳೆಗಾಲದಲ್ಲಿ ಕಾಂಪೌಂಡ್ ಗೋಡೆ ಮೇಲೆ ಹಸಿರಾಗಿ, ಬೇಸಿಗೆಯಲ್ಲಿ ಕಪ್ಪಗೆ ಚಕ್ಕೆಯಾಗುವ ಪಾಚಿಯೂ ಮಾಡುವುದು ಇದೇ ಕೆಲಸ.

ನೀರು ಹೋದರೆ ಜೀವಕೋಶ ಸಾಯುವುದು ಯಾಕೆ?

ಗಿಡದ ಜೀವಕೋಶ ಅಂದರೆ ರಟ್ಟಿನ ಡಬ್ಬಿಯೊಳಗೆ ನೀರು ತುಂಬಿದ ಬಲೂನು ಇಟ್ಟ ಹಾಗೆ. ಡಬ್ಬಿ ಅದರ ಗೋಡೆ, ಬಲೂನು ಒಳಗಿನ ತೆಳು ಪೊರೆ. ನೀರು ಹೋದಾಗ ಬಲೂನು ಕುಗ್ಗುತ್ತದೆ, ಡಬ್ಬಿ ಬಿಗಿಯಾಗಿ ನಿಂತಿರುತ್ತದೆ. ಗೋಡೆಗೆ ಅಲ್ಲಲ್ಲಿ ಅಂಟಿಕೊಂಡಿರುವ ಪೊರೆ ಹರಿಯುತ್ತದೆ. ಇದು ಮೊದಲ ಪೆಟ್ಟು.

ಎರಡನೆಯದು ಪ್ರೋಟೀನ್‌ಗಳಿಗೆ ಬೀಳುವ ಪೆಟ್ಟು. ಸುತ್ತ ನೀರಿದ್ದರೆ ಮಾತ್ರ ಅವು ತಮ್ಮ ಆಕಾರದಲ್ಲಿ ಇರುತ್ತವೆ. ನೀರು ಕಡಿಮೆಯಾದ ಹಾಗೆ ಒಂದಕ್ಕೊಂದು ಒತ್ತಿಕೊಂಡು, ಬಿಚ್ಚಿಕೊಂಡು, ಗಂಟುಗಟ್ಟುತ್ತವೆ. ಹಾಲು ಒಡೆದಾಗ ಆಗುವುದೂ ಹೆಚ್ಚು ಕಡಿಮೆ ಇದೇ. ಒಡೆದ ಹಾಲನ್ನು ತಿರುಗಿ ಹಾಲು ಮಾಡಲು ಆಗುವುದಿಲ್ಲ, ಅಲ್ವಾ? ಹಾಗೆಯೇ ಇದು.

ಮೂರನೆಯದು ಬೆಳಕು. ಇದನ್ನು ನಾವು ಸುಲಭವಾಗಿ ಮರೆಯುತ್ತೇವೆ. ಎಲೆಯ ಹಸಿರು, ಅಂದರೆ ಕ್ಲೋರೋಫಿಲ್, ಬಿಸಿಲು ಹಿಡಿಯುವುದನ್ನು ನಿಲ್ಲಿಸುವುದಿಲ್ಲ. ನೀರಿದ್ದಾಗ ಆ ಶಕ್ತಿ ಆಹಾರ ತಯಾರಿಕೆಗೆ ಹೋಗುತ್ತದೆ. ನೀರಿಲ್ಲದಾಗ ಅದಕ್ಕೆ ಹೋಗಲು ಜಾಗವಿಲ್ಲ. ಒಲೆ ಉರಿಯುತ್ತಲೇ ಇದೆ, ಪಾತ್ರೆಯಲ್ಲಿ ನೀರು ಆರಿಹೋಗಿದೆ. ಆಗ ಪಾತ್ರೆಯೇ ಸೀಯುತ್ತದೆ. ಆ ಹೆಚ್ಚುವರಿ ಶಕ್ತಿ ಆಮ್ಲಜನಕವನ್ನು ಕೆರಳಿಸಿ, ಸಿಕ್ಕಿದ್ದನ್ನೆಲ್ಲ ಸುಡುವ ರೂಪಕ್ಕೆ ತಿರುಗಿಸುತ್ತದೆ. ಬಾಯಾರಿದ ಎಲೆಗೆ ಇದರಿಂದಲೇ ತುಂಬಾ ಹಾನಿ.

ಮರುಜೀವದ ಗಿಡಗಳು ಈ ಮೂರಕ್ಕೂ ದಾರಿ ಕಂಡುಕೊಂಡಿವೆ. ಅವುಗಳ ಗೋಡೆ ಬಿಗಿಯಾಗಿ ನಿಲ್ಲದೆ ಪೊರೆಯ ಜೊತೆಗೇ ಮಡಚಿಕೊಳ್ಳುತ್ತದೆ. ಒಲೆಯ ವಿಷಯದಲ್ಲಿ ಎರಡು ಪಂಗಡಗಳಿವೆ. ದಕ್ಷಿಣ ಆಫ್ರಿಕಾದ ಜೀರೋಫೈಟಾ ವಿಸ್ಕೋಸಾ ಎಂಬ ಗಿಡ ಒಲೆಯನ್ನೇ ಕಿತ್ತಿಡುತ್ತದೆ. ಒಣಗುವಾಗ ಕ್ಲೋರೋಫಿಲ್ ಒಡೆದು ಹಾಕುತ್ತದೆ, ನೀರು ಬಂದ ಮೇಲೆ ಹೊಸದಾಗಿ ಕಟ್ಟುತ್ತದೆ. ಹಾಗಾಗಿ ಏಳುವುದು ಸ್ವಲ್ಪ ನಿಧಾನ. ಕ್ರೇಟರೋಸ್ಟಿಗ್ಮಾದಂಥ ಗಿಡಗಳು ಹಸಿರನ್ನು ಉಳಿಸಿಕೊಂಡು, ಎಲೆ ಮಡಚಿ, ನೇರಳೆ ಬಣ್ಣ ತುಂಬಿಕೊಂಡು ಬಿಸಿಲಿಗೆ ಮರೆ ಮಾಡಿಕೊಳ್ಳುತ್ತವೆ. ಇವು ಬೇಗ ಏಳುತ್ತವೆ.

ಪ್ರೋಟೀನ್ ಮತ್ತು ಪೊರೆಗಳನ್ನು ಕಾಯುವ ಕೆಲಸ ಸಕ್ಕರೆಯದು. ಒಣಗುತ್ತಿರುವ ಜೀವಕೋಶದಲ್ಲಿ ಸಕ್ಕರೆ ಗಟ್ಟಿಯಾಗುತ್ತಾ ಹೋಗಿ ಕೊನೆಗೆ ಗಾಜಿನಂತೆ ಆಗುತ್ತದೆ. ಗಾಜು ಅಂದದ್ದು ಹೋಲಿಕೆಗಲ್ಲ, ಭೌತವಿಜ್ಞಾನದ ಅರ್ಥದಲ್ಲೂ ಅದು ಗಾಜೇ. ನಮ್ಮ ಎರಡು ತಿಂಡಿಗಳನ್ನು ನೆನೆಸಿಕೊಳ್ಳಿ. ಸಂಕ್ರಾಂತಿಯ ಸಕ್ಕರೆ ಅಚ್ಚಿನಲ್ಲಿ ಸಕ್ಕರೆ ಹರಳುಗಟ್ಟಿರುತ್ತದೆ. ಕಮ್ಮರಕಟ್ಟಿನಲ್ಲಿ ಹರಳು ಇರುವುದಿಲ್ಲ. ಪಾಕ ಹಾಗೆಯೇ ಗಟ್ಟಿಯಾಗಿ ನಿಂತಿರುತ್ತದೆ. ಜೀವಕೋಶಕ್ಕೆ ಬೇಕಾದದ್ದು ಕಮ್ಮರಕಟ್ಟಿನ ಸ್ಥಿತಿ. ಹರಳು ಕಟ್ಟಿದರೆ ಸಕ್ಕರೆ ತಾನು ಬೇರೆ, ಪ್ರೋಟೀನ್ ಬೇರೆ ಎಂದು ದೂರ ಸರಿಯುತ್ತದೆ. ಗಾಜಾದರೆ ಪ್ರತಿಯೊಂದು ಪ್ರೋಟೀನನ್ನೂ ಇದ್ದ ಆಕಾರದಲ್ಲೇ ಹಿಡಿದು ನಿಲ್ಲಿಸುತ್ತದೆ. ಜಾಮೂನಿನ ಪಾಕ ಹರಳುಗಟ್ಟದಿರಲಿ ಅಂತ ಅಮ್ಮಂದಿರು ಎರಡು ಹನಿ ನಿಂಬೆರಸ ಹಿಂಡುತ್ತಾರಲ್ಲ, ಹುಳಿಯಿಂದ ಸಕ್ಕರೆಯ ಒಂದು ಪಾಲು ಒಡೆದು ಬೇರೆ ಬಗೆಯ ಸಕ್ಕರೆ ಹುಟ್ಟುತ್ತದೆ. ಹಲವು ಬಗೆ ಬೆರೆತಾಗ ಹರಳಾಗುವುದು ಕಷ್ಟ. ಗಿಡಗಳೂ ಸುಕ್ರೋಸ್, ಅಂದರೆ ನಾವು ಬಳಸುವ ಮಾಮೂಲಿ ಸಕ್ಕರೆಯ ಜೊತೆ ರಾಫಿನೋಸ್‌ನಂಥ ಸಕ್ಕರೆಗಳನ್ನು ಬೆರೆಸಿಕೊಳ್ಳುತ್ತವೆ.

ಕ್ರೇಟರೋಸ್ಟಿಗ್ಮಾದ ಸಿದ್ಧತೆ ಇನ್ನೂ ಚೆಂದ. ಹಸಿಯಾಗಿರುವಾಗ ಅದರ ಎಲೆಯಲ್ಲಿ ಎಂಟು ಕಾರ್ಬನ್ ಇರುವ ಆಕ್ಟುಲೋಸ್ ಎಂಬ ಅಪರೂಪದ ಸಕ್ಕರೆ ತುಂಬಿರುತ್ತದೆ. ಒಣಗಲು ಶುರುವಾದಾಗ ಅದು ಇಳಿದು, ಸುಕ್ರೋಸ್ ಏರುತ್ತದೆ. ಕಷ್ಟಕಾಲಕ್ಕೆ ಅಂತ ಗಂಟು ಮೊದಲೇ ಕಟ್ಟಿಟ್ಟಿರುತ್ತದೆ.

ಈ ಸಿದ್ಧತೆಗೆಲ್ಲ ಸಮಯ ಬೇಕು. ಹೆಚ್ಚಿನ ಮರುಜೀವದ ಹೂಗಿಡಗಳನ್ನು ತೀರಾ ಬೇಗ ಒಣಗಿಸಿದರೆ ಅವೂ ಸಾಯುತ್ತವೆ. ಪಾಚಿಗಳಲ್ಲಿ ಎಷ್ಟೋ ಜಾತಿಗಳು ಯಾವಾಗಲೂ ಸಿದ್ಧವಾಗೇ ಇರುತ್ತವೆ, ಅವಕ್ಕೆ ಮುನ್ಸೂಚನೆ ಬೇಕಿಲ್ಲ.

ಇದು ಹೊಸ ವಿದ್ಯೆಯಲ್ಲ, ಬೀಜಕ್ಕೆ ಗೊತ್ತಿರುವ ವಿದ್ಯೆ

ಈಗ ನನಗೆ ತುಂಬಾ ಇಷ್ಟವಾದ ಭಾಗಕ್ಕೆ ಬರುತ್ತೇನೆ.

ಪೂರ್ತಿ ಒಣಗಿಯೂ ಬದುಕಿರುವ ಗಿಡವನ್ನು ನೋಡಲು ಬೆಟ್ಟ ಹತ್ತಬೇಕಾಗಿಲ್ಲ. ಅಡುಗೆಮನೆಯ ಡಬ್ಬಿ ತೆಗೆಯಿರಿ. ಒಂದು ಹುರುಳಿಕಾಳು ಅಂದರೆ ಒಂದು ಪುಟ್ಟ ಗಿಡ. ಅದಕ್ಕೆ ಬೇರಿನ ತುದಿ ಇದೆ, ಎಲೆಯ ಮೊಗ್ಗು ಇದೆ. ತಿಂಗಳುಗಟ್ಟಲೆ ಒಣಗಿ ಕೂತಿದೆ. ರಾತ್ರಿ ನೆನೆಹಾಕಿದರೆ ಮಾರನೇ ದಿನ ಮೊಳಕೆ ಇಣುಕುತ್ತದೆ. ನಮ್ಮ ಬಯಲುಸೀಮೆಯ ಊರುಗಳಲ್ಲಿ ಹಿಂದೆ ರಾಗಿಯನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿ ವರ್ಷಗಟ್ಟಲೆ ಇಡುತ್ತಿದ್ದರು. ಕಾಳು ಹಾಗೆ ವರ್ಷಗಟ್ಟಲೆ ಕೆಡದೆ ಇರುವುದು ಅದು ಒಣಗಿದೆ ಎಂಬ ಕಾರಣಕ್ಕೇ.

ಅಂದರೆ ರಾಗಿಗೆ ಒಣಗಿ ಬದುಕುವುದು ಗೊತ್ತಿದೆ. ಭತ್ತಕ್ಕೂ ಗೊತ್ತಿದೆ, ಟೊಮೆಟೊಗೂ ಗೊತ್ತಿದೆ. ಆದರೆ ಬೀಜವಾಗಿರುವಾಗ ಮಾತ್ರ. ಬೇರು ಹೊರಬಂದು ಮೊಳಕೆ ಬೆಳೆಯಲು ಶುರುವಾದ ಸ್ವಲ್ಪ ಹೊತ್ತಿಗೆ ಆ ಶಕ್ತಿ ಹೋಗಿಬಿಡುತ್ತದೆ. ಇದು ರೈತರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ರಾಗಿ ಬೀಜವನ್ನು ಕೆಲವು ಗಂಟೆ ನೀರಲ್ಲಿ ನೆನೆಸಿ, ನೆರಳಲ್ಲಿ ಒಣಗಿಸಿ ಬಿತ್ತುವ ಪದ್ಧತಿ ಇದೆ. ಬೀಜಕ್ಕೆ ಏನೂ ಆಗುವುದಿಲ್ಲ, ಮೊಳಕೆ ಚೆನ್ನಾಗಿ ಬರುತ್ತದೆ. ಅದೇ ಬೀಜ ಮಣ್ಣಲ್ಲಿ ಮೊಳೆತ ಮೇಲೆ ಮಳೆ ಕೈಕೊಟ್ಟರೆ? ಹೊಲವೆಲ್ಲ ಖಾಲಿ.

ಬೀಜ ಮಾಗುವಾಗ ಅದರೊಳಗೆ ಒಂದು ಗುಂಪಿನ ಪ್ರೋಟೀನ್‌ಗಳು ಹೇರಳವಾಗಿ ಹುಟ್ಟುತ್ತವೆ. ಅಮೆರಿಕದ ಲಿಯಾನ್ ಡ್ಯೂರ್ ಮತ್ತು ಅವರ ಜೊತೆಗಾರರು 1981ರಲ್ಲಿ ಹತ್ತಿ ಬೀಜದಲ್ಲಿ ಇವನ್ನು ಗುರುತಿಸಿದರು. ಎಲ್‌ಇಎ ಪ್ರೋಟೀನ್‌ಗಳು ಅನ್ನುತ್ತಾರೆ. ಇವು ವಿಚಿತ್ರ. ನೀರಿರುವಾಗ ಇವುಗಳಲ್ಲಿ ಹೆಚ್ಚಿನವಕ್ಕೆ ಸರಿಯಾದ ಆಕಾರವೇ ಇಲ್ಲ, ಬಿಚ್ಚಿದ ನೂಲಿನಂತೆ ಇರುತ್ತವೆ. ಒಣಗಿದಾಗ ಸುರುಳಿಯಾಗಿ ಆಕಾರ ಪಡೆದು, ಉಳಿದ ಪ್ರೋಟೀನ್‌ಗಳ ನಡುವೆ ನುಸುಳಿ ಗಂಟುಗಟ್ಟದಂತೆ ತಡೆಯುತ್ತವೆ.

ಓರೊಪೀಟಿಯಂ ಎಲೆ ಒಣಗುವಾಗ ಯಾವ ಜೀನ್‌ಗಳು ಕೆಲಸ ಮಾಡುತ್ತವೆ ಎಂದು ನೋಡಿದಾಗ ಕಂಡದ್ದು ಇವೇ. ಬೀಜದ ಜೀನ್‌ಗಳು ಎಲೆಯಲ್ಲಿ ಎದ್ದು ಕೂತಿದ್ದವು. ಜೀರೋಫೈಟಾದ ಜೀನೋಮ್ 2017ರಲ್ಲಿ ಪ್ರಕಟವಾಯಿತು. ಕೇಪ್‌ಟೌನ್ ವಿಶ್ವವಿದ್ಯಾಲಯದ ಜಿಲ್ ಫ್ಯಾರಂಟ್ ಅದರಲ್ಲಿ ಭಾಗಿಯಾಗಿದ್ದರು. ಈ ಗಿಡಗಳ ಅಧ್ಯಯನಕ್ಕೇ ಬದುಕು ಮುಡಿಪಾಗಿಟ್ಟ ವಿಜ್ಞಾನಿ ಅವರು. ಅಲ್ಲಿಯೂ ಬೀಜದಲ್ಲಿ ಕೆಲಸ ಮಾಡುವ ಜೀನ್‌ಗಳ ಗುಂಪೇ ಎಲೆಯಲ್ಲಿ ಕಾಣಿಸಿತು.

ಇದರ ಹಿಂದೆ ಬಹಳ ಹಳೆಯ ಕಥೆ ಇದೆ. ಸುಮಾರು 47 ಕೋಟಿ ವರ್ಷಗಳ ಹಿಂದೆ ಗಿಡಗಳು ನೀರಿನಿಂದ ನೆಲಕ್ಕೆ ಬಂದಾಗ ಅವಕ್ಕೆ ಬೇರಿರಲಿಲ್ಲ, ನೀರು ಸಾಗಿಸುವ ಕೊಳವೆಗಳಿರಲಿಲ್ಲ. ಆಗ ಒಣಗಿ ಏಳುವುದೊಂದೇ ದಾರಿ. ಮುಂದೆ ಬೇರು, ಕೊಳವೆ, ಪತ್ರರಂಧ್ರ ಬಂದವು. ಗಿಡ ದೊಡ್ಡದಾಯಿತು, ನೀರನ್ನು ಹಿಡಿದಿಟ್ಟುಕೊಂಡು ಬದುಕಲು ಕಲಿಯಿತು. ಎಲೆಗೆ ಹಳೆಯ ವಿದ್ಯೆ ಬೇಡವಾಯಿತು. ಆದರೆ ಅದು ಅಳಿಯಲಿಲ್ಲ. ಬೀಜಾಣುವಿನಲ್ಲಿ, ಆಮೇಲೆ ಬೀಜದಲ್ಲಿ ಉಳಿದುಕೊಂಡಿತು. ಬಂಡೆಯಂಥ ಕಷ್ಟದ ಜಾಗ ಹಿಡಿದ ಕೆಲವು ಗಿಡಗಳು ಅದನ್ನು ಬೀಜದಿಂದ ಎಲೆಗೆ ಮತ್ತೆ ಎರವಲು ತಂದುಕೊಂಡವು. ಹೀಗಾದದ್ದು ಒಂದು ಸಲ ಅಲ್ಲ. ಒಂದಕ್ಕೊಂದು ಸಂಬಂಧವಿಲ್ಲದ ಗಿಡಗಳಲ್ಲಿ, ಬೇರೆ ಬೇರೆ ಕಾಲದಲ್ಲಿ, ಹಲವು ಸಲ.

ಜೀನೋಮ್ ಓದುವುದು ಅಂದರೆ

ಇದೆಲ್ಲ ಗೊತ್ತಾಗಲು ಜೀನೋಮ್ ಯಾಕೆ ಬೇಕಾಯಿತು?

ಜೀನೋಮ್ ಅಂದರೆ ನಾಲ್ಕೇ ಅಕ್ಷರಗಳಲ್ಲಿ ಬರೆದ ಉದ್ದನೆಯ ಪಾಠ. ಓರೊಪೀಟಿಯಂನ ಪಾಠದಲ್ಲಿ ಸುಮಾರು 24.5 ಕೋಟಿ ಅಕ್ಷರಗಳಿವೆ. ಆಗ ಗೊತ್ತಿದ್ದ ಹುಲ್ಲುಗಳಲ್ಲೇ ಇದು ಅತಿ ಚಿಕ್ಕದು. ಭತ್ತದ್ದು 40 ಕೋಟಿ, ರಾಗಿಯದ್ದು ಸುಮಾರು 145 ಕೋಟಿ, ಮನುಷ್ಯನದ್ದು 300 ಕೋಟಿಗೂ ಜಾಸ್ತಿ. ಗೋಧಿಯದ್ದು 1,600 ಕೋಟಿಯ ಆಸುಪಾಸು. ಅಕ್ಷರ ಜಾಸ್ತಿ ಇದ್ದ ಮಾತ್ರಕ್ಕೆ ಜೀವಿ ಜಾಣ ಅಂತಲ್ಲ. ಹೆಚ್ಚಿನದು ಬರೀ ಪುನರಾವರ್ತನೆ.

ತೊಂದರೆ ಬರುವುದೂ ಆ ಪುನರಾವರ್ತನೆಯಿಂದಲೇ. ಯಾವ ಯಂತ್ರವೂ ಜೀನೋಮನ್ನು ಮೊದಲಿನಿಂದ ಕೊನೆಯವರೆಗೆ ಒಂದೇ ಉಸಿರಿಗೆ ಓದುವುದಿಲ್ಲ. ತುಂಡು ಮಾಡಿ ಓದುತ್ತದೆ, ಆಮೇಲೆ ತುಂಡುಗಳನ್ನು ಜೋಡಿಸಬೇಕು. ಒಂದು ಕೋಲಾಟದ ಪದ ತೆಗೆದುಕೊಳ್ಳಿ. ಪ್ರತಿ ನುಡಿ ಮುಗಿದಾಗಲೂ ಅದೇ ಪಲ್ಲವಿ ಬರುತ್ತದೆ. ಹಾಡು ಬರೆದ ಹಾಳೆಯನ್ನು ಒಂದೊಂದು ಸಾಲಿನ ಚೂರು ಮಾಡಿದರೆ, ಪಲ್ಲವಿಯ ಚೂರುಗಳೆಲ್ಲ ಒಂದೇ ಥರ ಇರುತ್ತವೆ. ಯಾವ ನುಡಿಯ ಮುಂದೆ ಯಾವ ನುಡಿ ಅಂತ ತಿಳಿಯುವುದೇ ಇಲ್ಲ. ಚೂರು ಉದ್ದವಾಗಿದ್ದು, ಒಂದರಲ್ಲೇ ಒಂದು ನುಡಿಯ ಕೊನೆ, ಪಲ್ಲವಿ, ಮುಂದಿನ ನುಡಿಯ ಶುರು ಮೂರೂ ಇದ್ದರೆ ಜೋಡಣೆ ಸಲೀಸು. 2015ರ ಕೆಲಸದಲ್ಲಿ ಬಳಸಿದ್ದು ಹೀಗೆ ಉದ್ದ ತುಂಡು ಓದುವ ಹೊಸ ತಂತ್ರವನ್ನು. ಜೀನೋಮಿನ ಶೇಕಡಾ 99ರಷ್ಟು ಬರೀ 625 ತುಂಡುಗಳಲ್ಲಿ ಕೂತಿತು. ಅದರಲ್ಲಿ 28,466 ಜೀನ್‌ಗಳು ಸಿಕ್ಕವು.

ಎರಡು ವರ್ಷದ ನಂತರ ರಾಗಿಯ ಸರದಿ ಬಂತು. 2017ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಶೈಲಜಾ ಹಿತ್ತಲಮನಿ ಅವರ ತಂಡ ರಾಗಿಯ ಜೀನೋಮ್ ಪ್ರಕಟಿಸಿತು. ಓದಿದ್ದು ನಮ್ಮದೇ ಎಂಎಲ್-365 ತಳಿಯನ್ನು. ಜೀನೋಮಿನ ಸುಮಾರು ಶೇಕಡಾ 82 ಸಿಕ್ಕಿತು, 85,243 ಜೀನ್‌ಗಳನ್ನು ಗುರುತಿಸಿದರು. ಗಿಡಕ್ಕೆ ನೀರು ಕಡಿಮೆ ಮಾಡಿ ನೋಡಿದಾಗ ಅವುಗಳಲ್ಲಿ 2,866 ಜೀನ್‌ಗಳು ಬರಕ್ಕೆ ಸ್ಪಂದಿಸಿದವು. ರಾಗಿಯ ಜೀನೋಮ್ ಇಷ್ಟು ದೊಡ್ಡದಾಗಲು ಕಾರಣ ಇದೆ. ಎರಡು ಬೇರೆ ಹುಲ್ಲುಗಳು ಕೂಡಿ ಹುಟ್ಟಿದ ಬೆಳೆ ಇದು. ಎರಡರ ಜೀನೋಮ್‌ಗಳೂ ಇದರೊಳಗಿವೆ. ಎರಡೂ ಒಂದನ್ನೊಂದು ಹೋಲುವುದರಿಂದ ಜೋಡಣೆ ಬಹಳ ಕಷ್ಟ. ಆಮೇಲೆ 2023ರಲ್ಲಿ ಇನ್ನೊಂದು ಅಂತರರಾಷ್ಟ್ರೀಯ ತಂಡ ಕ್ರೋಮೋಸೋಮ್ ಮಟ್ಟದಲ್ಲಿ ಜೋಡಿಸಿದ ಪಾಠವನ್ನು ಕೊಟ್ಟಿತು.

2,866 ಎಂಬ ಆ ಸಂಖ್ಯೆಯ ಮೇಲೆ ಸ್ವಲ್ಪ ನಿಲ್ಲಿ. 'ಬರದ ಜೀನ್ ಪತ್ತೆ' ಅಂತ ಸುದ್ದಿ ಬಂದಾಗಲೆಲ್ಲ ನಾನು ಈ ಸಂಖ್ಯೆಯನ್ನು ನೆನೆಸಿಕೊಳ್ಳುತ್ತೇನೆ. ಬರದ ಜೀನ್ ಅಂತ ಒಂದು ಇಲ್ಲ. ಒಂದು ಊರಿಗೆ ಬರ ಬಂದರೆ ಊರಿನ ಪ್ರತಿ ಮನೆಯೂ ಏನೋ ಒಂದು ಬದಲಾವಣೆ ಮಾಡಿಕೊಳ್ಳುತ್ತದಲ್ಲ, ಗಿಡದೊಳಗೂ ಹಾಗೆಯೇ.

ಜೀನ್ ಇರುವುದು ಮುಖ್ಯವಲ್ಲ, ಏಳುವುದು ಮುಖ್ಯ

ಹಾಗಾದರೆ ಓರೊಪೀಟಿಯಂನಲ್ಲಿ ಇದ್ದು ರಾಗಿಯಲ್ಲಿ ಇಲ್ಲದ್ದು ಏನು? ವಿಜ್ಞಾನಿಗಳು ಜೀನೋಮ್ ಓದಿದಾಗ ಯಾವುದೋ ವಿಶೇಷ ಜೀನ್ ಸಿಗಬಹುದು ಅಂತ ಯಾರಿಗಾದರೂ ಅನ್ನಿಸುತ್ತದೆ. ಹಾಗೆ ಸಿಗಲಿಲ್ಲ. ಹೆಚ್ಚಿನ ಜೀನ್‌ಗಳು ಎರಡು ಕಡೆಯೂ ಇವೆ. ವ್ಯತ್ಯಾಸ ಇರುವುದು ಮುಖ್ಯವಾಗಿ ಎರಡು ಕಡೆ: ಎಷ್ಟು ಪ್ರತಿ ಇದೆ, ಯಾವಾಗ ಎಲ್ಲಿ ಚಾಲೂ ಆಗುತ್ತದೆ.

ಪ್ರತಿಗಳ ವಿಷಯಕ್ಕೆ ಒಳ್ಳೆಯ ಉದಾಹರಣೆ ಇಎಲ್‌ಐಪಿ ಎಂಬ ಜೀನ್‌ಗಳು. ಇವು ಮಾಡುವ ಪ್ರೋಟೀನ್ ಕ್ಲೋರೋಫಿಲ್‌ಗೆ ಅಂಟಿಕೊಂಡು, ಹೆಚ್ಚಾದ ಬೆಳಕಿನ ಶಕ್ತಿಯನ್ನು ಹಾನಿಯಾಗದಂತೆ ಕರಗಿಸುತ್ತದೆ. ಉರಿಯುವ ಒಲೆ, ನೀರಿಲ್ಲದ ಪಾತ್ರೆ ಅಂದೆನಲ್ಲ, ಆ ತೊಂದರೆಗೆ ಇದು ಮದ್ದು. ಮಾಮೂಲಿ ಗಿಡಗಳಲ್ಲಿ ಈ ಜೀನ್ ಕೆಲವೇ ಇರುತ್ತವೆ. ಮರುಜೀವದ ಗಿಡಗಳಲ್ಲಿ ಒಂದರ ಪಕ್ಕ ಒಂದರಂತೆ ಸಾಲಾಗಿ ಪ್ರತಿಯಾಗುತ್ತಾ ಹೋಗಿ ಗುಂಪುಗಟ್ಟಿವೆ. ಮಿಶಿಗನ್ ಸ್ಟೇಟ್ ವಿಶ್ವವಿದ್ಯಾಲಯದ ರಾಬರ್ಟ್ ವ್ಯಾನ್‌ಬ್ಯೂರೆನ್ ಮತ್ತು ಜೊತೆಗಾರರು 2019ರಲ್ಲಿ ಹಲವು ಜೀನೋಮ್‌ಗಳನ್ನು ಹೋಲಿಸಿ ಇದನ್ನು ತೋರಿಸಿದರು. ಒಂದಕ್ಕೊಂದು ದೂರದ ಗಿಡಗಳು ತಮ್ಮ ತಮ್ಮ ದಾರಿಯಲ್ಲಿ ಬಂದು ಇದೇ ಉಪಾಯಕ್ಕೆ ತಲುಪಿವೆ.

ಲಿಂಡರ್ನಿಯಾ ಬ್ರೆವಿಡೆನ್ಸ್ ಎಂಬ ಗಿಡದ ಕಥೆಯನ್ನೂ ಹೇಳಬೇಕು. ಇದು ಇರುವುದು ಪೂರ್ವ ಆಫ್ರಿಕಾದ ಮಳೆಕಾಡುಗಳಲ್ಲಿ. ಅಲ್ಲಿ ಪೂರ್ತಿ ಒಣಗುವ ಸಂದರ್ಭವೇ ಇಲ್ಲ ಅನ್ನಬಹುದು. ಆದರೂ ಒಣಗಿಸಿ ನೀರು ಕೊಟ್ಟರೆ ಏಳುತ್ತದೆ. ಅದರ ಹತ್ತಿರದ ನೆಂಟ ಲಿಂಡರ್ನಿಯಾ ಸಬ್‌ರೆಸಿಮೋಸಾ ಏಳುವುದಿಲ್ಲ. 2018ರಲ್ಲಿ ಎರಡರ ಜೀನೋಮನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ಬದುಕುವ ಗಿಡದಲ್ಲಿ ಇಎಲ್‌ಐಪಿ ಮತ್ತು ಎಲ್‌ಇಎ ಜೀನ್‌ಗಳ ಪ್ರತಿಗಳು ಹೆಚ್ಚಾಗಿದ್ದವು. ಜೊತೆಗೆ ಬೀಜದ ಜೀನ್‌ಗಳಿಗೆ ಎಲೆಯಲ್ಲೂ ಕರೆ ಹೋಗುತ್ತಿತ್ತು. ಇಷ್ಟು ಹತ್ತಿರದ ಜೋಡಿ ಸಿಗುವುದು ಅಪರೂಪ. ಎರಡರ ನಡುವೆ ಉಳಿದದ್ದು ಬಹುಪಾಲು ಒಂದೇ ಥರ ಇರುವುದರಿಂದ ವ್ಯತ್ಯಾಸ ಎದ್ದು ಕಾಣುತ್ತದೆ.

ಆದರೆ ರಾಗಿಯ ಪ್ರಶ್ನೆಗೆ ಹೆಚ್ಚು ಹತ್ತಿರ ಬರುವುದು 2020ರ ಒಂದು ಹೋಲಿಕೆ. ಇಥಿಯೋಪಿಯಾದವರ ದಿನನಿತ್ಯದ ಧಾನ್ಯ ಟೆಫ್. ಅದೂ ರಾಗಿಯ ಕವಲಿನದೇ. ಟೆಫ್‌ನ ಹತ್ತಿರದ ನೆಂಟ ಎರಾಗ್ರಾಸ್ಟಿಸ್ ನಿಂಡೆನ್ಸಿಸ್ ಎಂಬ ಮರುಜೀವದ ಹುಲ್ಲು. ಎರಡನ್ನೂ ಒಣಗಿಸುತ್ತಾ, ಹಂತ ಹಂತವಾಗಿ ಯಾವ ಜೀನ್ ಏಳುತ್ತದೆ ಎಂದು ನೋಡಿದರು. ಬೀಜದ ಜೀನ್‌ಗಳು ಎಲೆಯಲ್ಲಿ ಎದ್ದರೆ ಅದೇ ಮರುಜೀವದ ಗುಟ್ಟು ಅಂದುಕೊಂಡಿದ್ದೆವಲ್ಲ? ಸಾಯುವಷ್ಟು ಒಣಗುತ್ತಿದ್ದ ಟೆಫ್ ಎಲೆಯಲ್ಲೂ ಆ ಜೀನ್‌ಗಳಲ್ಲಿ ಬಹುಪಾಲು ಎದ್ದಿದ್ದವು!

ಇದನ್ನು ಮೊದಲ ಸಲ ಓದಿದಾಗ ನನಗೆ ಮನಸ್ಸು ಕಲಕಿತು. ಟೆಫ್ ಎಲೆ ಸುಮ್ನೆ ಸಾಯುತ್ತಿಲ್ಲ. ಸಾಯುವ ಮುಂಚೆ ಬೀಜದ ಕಾಲದ ಹಳೆಯ ಪಾಠವನ್ನೇ ಹುಡುಕಿ ತೆಗೆಯುತ್ತಿದೆ. ಆದರೆ ಅಷ್ಟು ಸಾಲುತ್ತಿಲ್ಲ. ಏಳುವ ಹುಲ್ಲಿಗೂ ಸಾಯುವ ಬೆಳೆಗೂ ನಡುವಿನ ಅಂತರ ನಾವು ಅಂದುಕೊಂಡದ್ದಕ್ಕಿಂತ ಚಿಕ್ಕದು. ಹಾಗಾಗಿ ಹುಡುಕಾಟವೂ ಈಗ ಇನ್ನಷ್ಟು ನಿಖರವಾಗಿದೆ. ನಿಂಡೆನ್ಸಿಸ್‌ನಲ್ಲಿ ಮಾತ್ರ ಕಾಣುವ ಸಣ್ಣ ಗುಂಪು ಯಾವುದು, ಯಾವುದು ಯಾವ ಹೊತ್ತಿಗೆ ಎದ್ದಿತು, ಎಷ್ಟು ಜೋರಾಗಿ ಎದ್ದಿತು ಎಂಬುದೇ ಈಗಿನ ಪ್ರಶ್ನೆ.

ಈ ಕರೆ ಕಳಿಸುವುದರಲ್ಲಿ ಎಬಿಎ ಎಂಬ ಹಾರ್ಮೋನಿನ ಪಾತ್ರ ದೊಡ್ಡದು. ಮಣ್ಣು ಒಣಗಿದಾಗ ಗಿಡದಲ್ಲಿ ಏರುವ ಹಾರ್ಮೋನ್ ಇದು. ಪತ್ರರಂಧ್ರ ಮುಚ್ಚಿಸುವುದೂ ಇದೇ, ಬೀಜ ಮಾಗುವಾಗ ಒಣಗಲು ಸಿದ್ಧ ಮಾಡುವುದೂ ಇದೇ. ಬರಕ್ಕೂ ಬೀಜಕ್ಕೂ ಒಂದೇ ಹಾರ್ಮೋನ್ ಎಂಬುದು ಕಾಕತಾಳೀಯ ಅಲ್ಲ ಅಂತ ನನ್ನ ಅನಿಸಿಕೆ.

ಹಾಗಾದರೆ ಸಾಯದ ರಾಗಿ ಬರುತ್ತದೆಯೇ?

ಸದ್ಯಕ್ಕಿಲ್ಲ. ನೇರವಾಗಿ ಹೇಳುವುದೇ ಒಳ್ಳೆಯದು.

ಕಾರಣ ಬರೀ ತಂತ್ರದ್ದಲ್ಲ. ಮರುಜೀವದ ಗಿಡಗಳೆಲ್ಲ ಹೆಚ್ಚು ಕಡಿಮೆ ಕುಳ್ಳು, ಬೆಳವಣಿಗೆ ನಿಧಾನ. ಕಷ್ಟಕಾಲಕ್ಕೆ ಸಕ್ಕರೆ ಕೂಡಿಡುವ ಗಿಡ ಅಷ್ಟು ಸಕ್ಕರೆಯನ್ನು ಕಾಳಿಗೆ ಕೊಡಲಾರದು. ರೈತನಿಗೆ ಬೇಕಾದದ್ದು ಬದುಕಿದ ಗಿಡ ಮಾತ್ರವಲ್ಲ, ತೆನೆ. ತೆನೆ ಬರುವ ಹೊತ್ತಿಗೆ ಎರಡು ತಿಂಗಳು ಒಣಗಿ ಮಲಗಿ ಆಮೇಲೆ ಎದ್ದ ರಾಗಿಯಿಂದ ಅವನಿಗೆ ಏನು ಸಿಕ್ಕೀತು?

ಅದಕ್ಕೇ ಬೆಳೆಗಳಲ್ಲಿ ನಡೆಯುತ್ತಿರುವ ಕೆಲಸ ಹೆಚ್ಚಾಗಿ ಬರ ತಡೆಯುವ ದಿಕ್ಕಿನಲ್ಲಿದೆ. ಜಪಾನಿನ ವಿಜ್ಞಾನಿಗಳು ಭತ್ತದಲ್ಲಿ ಬೇರನ್ನು ನೇರ ಕೆಳಕ್ಕೆ ಇಳಿಸುವ ಡಿಆರ್‌ಒ1 ಜೀನ್ ಕಂಡುಹಿಡಿದು 2013ರಲ್ಲಿ ಪ್ರಕಟಿಸಿದರು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಿಂದ, ಗದ್ದೆಯಲ್ಲಿ ನೀರು ನಿಲ್ಲಿಸದೆ ಬೆಳೆಯುವ ಏರೋಬಿಕ್ ಭತ್ತದ ತಳಿಗಳು ಬಂದಿವೆ. 2025ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಜೀನೋಮ್ ತಿದ್ದಿದ ಎರಡು ಭತ್ತದ ತಳಿಗಳನ್ನು ಪ್ರಕಟಿಸಿತು. ಅವುಗಳಲ್ಲಿ ಪೂಸಾ ಡಿಎಸ್‌ಟಿ ರೈಸ್ 1 ಎಂಬುದು ಎಂಟಿಯು 1010 ತಳಿಯಿಂದ ಮಾಡಿದ್ದು. ಅದರಲ್ಲಿ ಹೊರಗಿನ ಜೀನ್ ಸೇರಿಸಿಲ್ಲ. ಡಿಎಸ್‌ಟಿ ಎಂಬ ಒಳಗಿನ ಜೀನನ್ನು ಕೆಲಸ ಮಾಡದಂತೆ ಮಾಡಿದ್ದಾರೆ. ಆ ಜೀನ್ ಪತ್ರರಂಧ್ರಗಳ ಮೇಲೆ ಹಿಡಿತ ಇಟ್ಟುಕೊಂಡಿರುತ್ತದೆ. ಅದು ಸುಮ್ಮನಾದರೆ ಪತ್ರರಂಧ್ರಗಳ ಸಂಖ್ಯೆ ಕಡಿಮೆಯಾಗಿ ನೀರು ಉಳಿಯುತ್ತದೆ. ಇವೆಲ್ಲ ನೀರು ಉಳಿಸುವ ಉಪಾಯಗಳು. ಮರುಜೀವ ಅಲ್ಲ.

ಬಂಡೆಗಳ ಕಡೆಗೆ ಮತ್ತೆ

ನಮ್ಮ ಪಶ್ಚಿಮ ಘಟ್ಟದ ಹಾಸುಬಂಡೆಗಳಲ್ಲಿ ಇಂಥ ಗಿಡಗಳು ಎಷ್ಟಿವೆ ಎಂದು ಪುಣೆಯ ಆಘಾರ್ಕರ್ ಸಂಶೋಧನಾ ಸಂಸ್ಥೆಯವರು ಈಚೆಗೆ ಎಣಿಸಿದರು. 62 ಜಾತಿಗಳು ಸಿಕ್ಕವು. ಅದಕ್ಕೆ ಮೊದಲು ಗೊತ್ತಿದ್ದದ್ದು ಒಂಬತ್ತು. 62ರಲ್ಲಿ 16 ಭಾರತದಲ್ಲಿ ಮಾತ್ರ ಇರುವಂಥವು. ಹುಡುಕಿದರೆ ಇಷ್ಟು ಸಿಗುತ್ತದೆ ಅಂದರೆ ಹುಡುಕದ ಬಂಡೆಗಳಲ್ಲಿ ಇನ್ನೇನಿದೆಯೋ. ದಾಖಲೆಗಳಲ್ಲಿ ಬಂಡೆ ಅಂದರೆ ಪಾಳು ಜಾಗ. ಕಲ್ಲುಗಣಿಗೆ ಕೊಡಲು ಯಾರಿಗೂ ಹಿಂದೇಟಿಲ್ಲ. ಒಂದು ಬಂಡೆ ಒಡೆದು ಜಲ್ಲಿಯಾದರೆ ಅದರ ಬಿರುಕಿನ ಹುಲ್ಲೂ ಹೋಗುತ್ತದೆ. ಆ ಹುಲ್ಲಿನ ಜೀನೋಮನ್ನು ಇನ್ನೂ ಯಾರೂ ಓದಿರುವುದಿಲ್ಲ. ಇದು ನನಗೆ ನಿಜಕ್ಕೂ ಸಂಕಟದ ವಿಷಯ.

ಜಾತ್ರೆಗಳಲ್ಲಿ 'ಸಂಜೀವಿನಿ' ಅಂತ ಒಂದು ಒಣ ಉಂಡೆಯನ್ನು ಮಾರುವುದುಂಟು. ನೀರಿಗೆ ಹಾಕಿದರೆ ಬಿಚ್ಚಿಕೊಂಡು ಹಸಿರಾಗುತ್ತದೆ. ಅದು ಸೆಲಾಜಿನೆಲ್ಲಾ ಬ್ರಯಾಪ್ಟರಿಸ್, ಹೂವೇ ಬಿಡದ ಹಳೆಯ ಕಾಲದ ಗಿಡ. ರಾಮಾಯಣದ ಸಂಜೀವಿನಿ ಯಾವುದಿರಬಹುದು ಎಂದು ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಕೆ.ಎನ್. ಗಣೇಶಯ್ಯ ಮತ್ತು ಜೊತೆಗಾರರು 2009ರಲ್ಲಿ ಒಂದು ವಿಜ್ಞಾನ ಪ್ರಬಂಧವನ್ನೇ ಬರೆದರು. ಅವರ ಆಯ್ಕೆಪಟ್ಟಿಯಲ್ಲಿ ಈ ಗಿಡವೂ ಇತ್ತು. ಕೊಳ್ಳುವವರಿಗೆ ಒಂದು ಮಾತು. ಸೆಲಾಜಿನೆಲ್ಲಾ ಉಂಡೆ ಬಿಚ್ಚಿಕೊಳ್ಳುವುದು ನೀರು ಹೀರಿ ಕಾಂಡ ಬಾಗುವುದರಿಂದ. ಸತ್ತ ಉಂಡೆಯೂ ಬಿಚ್ಚಿಕೊಳ್ಳಬಹುದು. ಎಲೆ ಮತ್ತೆ ಬೆಳಕು ಹಿಡಿದು ಆಹಾರ ಮಾಡಿದರೆ ಮಾತ್ರ ಅದು ಬದುಕಿದೆ ಅಂತ ಲೆಕ್ಕ. ಗಿಡಕ್ಕಿರುವ ಈ ಗುಣ ಕಷಾಯ ಕುಡಿದವರಿಗೆ ಬರುವುದಿಲ್ಲ.

ಬೆಳೆಗೆ ಇದರಿಂದ ಏನಾದರೂ ಸಿಗುವುದಾದರೆ ಅದು ಮೊದಲು ಸಸಿಯ ಹಂತದಲ್ಲಿ ಸಿಗಬಹುದು ಅಂತ ನನಗೆ ಅನ್ನಿಸುತ್ತದೆ. ಮೊಳಕೆ ಒಡೆದ ಮೇಲೆ ಬೀಜ ತನ್ನ ಶಕ್ತಿ ಕಳೆದುಕೊಳ್ಳುತ್ತದೆ ಅಂದೆ. ಆದರೆ ಅದು ಆ ಕ್ಷಣವೇ ಅಳಿಸಿಹೋಗುವುದಿಲ್ಲ. ಅರಾಬಿಡಾಪ್ಸಿಸ್ ಎಂಬ ಪ್ರಯೋಗಾಲಯದ ಸಣ್ಣ ಗಿಡದಲ್ಲಿ, ಆಗತಾನೆ ಬೇರು ಹೊರಬಂದ ಬೀಜಕ್ಕೆ ಎಬಿಎ ಕೊಟ್ಟು ಅಥವಾ ನೀರಿನ ಕೊರತೆಯ ಮುನ್ಸೂಚನೆ ಕೊಟ್ಟು, ಒಣಗಿ ಬದುಕುವ ಶಕ್ತಿಯನ್ನು ತಿರುಗಿ ತರಿಸಿದ್ದಾರೆ. ಸಸಿ ಬೆಳೆದ ಹಾಗೆ ಈ ಅವಕಾಶ ಮುಚ್ಚಿಹೋಗುತ್ತದೆ. ಅದನ್ನು ಇನ್ನೂ ಒಂದಷ್ಟು ದಿನ ತೆರೆದಿಡುವ ಜೀನ್ ಯಾವುದು ಎಂದು ಗೊತ್ತಾದರೆ, ಅಲ್ಲಿ ಇಳುವರಿಯ ನಷ್ಟವೂ ಹೆಚ್ಚಿರಲಾರದು. ತೆನೆ ಬರುವ ಹೊತ್ತಿಗೆ ಅದು ಮುಚ್ಚಿರುತ್ತದಲ್ಲ.

ನನ್ನ ಮನಸ್ಸಿನಲ್ಲಿರುವುದು ಹತ್ತು ದಿನದ ಲೆಕ್ಕ. ಹದ ಮಳೆ ಬಂತು ಅಂತ ರಾಗಿ ಬಿತ್ತಿರುತ್ತಾರೆ. ಸಾಲು ಸಾಲಾಗಿ ಮೊಳಕೆ ಬಂದಿರುತ್ತದೆ. ಮುಂದಿನ ಮಳೆ ತಡವಾಗುತ್ತದೆ. ಮೊಳಕೆ ಒಣಗುತ್ತದೆ. ಮಳೆ ಬಂದ ಮೇಲೆ ಮತ್ತೆ ಬೀಜ ತರಬೇಕು, ಮತ್ತೆ ಟ್ರ್ಯಾಕ್ಟರ್ ಬಾಡಿಗೆ, ಮತ್ತೆ ಕೂಲಿ. ಆ ಮೊಳಕೆ ಬಂಡೆಯ ಹುಲ್ಲಿನ ಹಾಗೆ ಹತ್ತೇ ದಿನ ಒಣಗಿ ಮಲಗಿದ್ದು ಎದ್ದರೆ, ಆ ಮನೆಗೆ ಅದೇ ಬೀಜದಲ್ಲಿ ಆ ವರ್ಷದ ಬೆಳೆ ಬರುತ್ತದೆ.